ಸಾಹೇಬರ ಬೂಟಿಗೆ ಮುಳ್ಳು

ನಮ್ಮೂರು ಹೊಳೆಮಾಳಕ್ಕೆ ಸಮುದ್ರ ಬಂದಿದೆ ಎಂದು ನಮಗೆ ತಿಳಿದದ್ದು ಸರ್ಕಾರದ ಸಭೆಯಲ್ಲಿ. ಅಲ್ಲಿಯವರೆಗೂ ದಡ್ಡರಾದ ನಾವು, ಊರ ಪಕ್ಕ ಹರಿಯುವುದು ಸುವರ್ಣಾವತಿ ಹೊಳೆ, ಅದು ಮುಂದೆ ಹೋಗಿ ಕಾವೇರಿ ಸೇರುತ್ತದೆ ಎಂದುಕೊಂಡಿದ್ದೆವು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಹೋಗುವವರೆಲ್ಲ ಈಗಲೂ ಹಾಗೇ ಎಂದುಕೊಂಡಿದ್ದಾರೆ. ಪಾಪ, ಅವರಿಗೆ ಯಾರೂ ಹೇಳಿಲ್ಲ.

ಸಭೆಯ ವಿಷಯ ಆಮೇಲೆ. ಮೊದಲು ನಾವೇ ಮಾಡಿಕೊಂಡ ಎಡವಟ್ಟು ಹೇಳಬೇಕು.

ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ, ನೀರು ನಿಲ್ಲಿಸಿ, ಸರೋವರ ಮಾಡುತ್ತಾರಂತೆ. ದೋಣಿ ಬಿಡುತ್ತಾರಂತೆ. ಬಿಳಿಗಿರಿರಂಗನ ಬೆಟ್ಟ ನೋಡಲು ಬಂದವರು ಕೆಳಗಿಳಿದು, ನಮ್ಮ ನೀರಿನಲ್ಲಿ ತೇಲಾಡಿ, ಐಸ್‌ಕ್ರೀಮ್ ತಿಂದು ಮನೆಗೆ ಹೋಗುತ್ತಾರಂತೆ. ಇದರಿಂದ ಪರಿಸರಕ್ಕೆ ಏನಾದರೂ ತೊಂದರೆಯೇ ಎಂದು ನೋಡಲು ಬೆಂಗಳೂರಿನಿಂದ ಒಂದು ತಂಡ ಬರುವುದಿತ್ತು. ಪಂಚಾಯಿತಿ ಮೆಂಬರ್ ಬಸವಕುಮಾರ್ ನಮ್ಮ ಕೇರಿಗೆ ಬಂದು ವಿಷಯ ತಿಳಿಸಿದ. ಕೇರಿಗೆ ಅಂದರೆ ಕೇರಿಯ ಬಾಯಿಗೆ. ಬೈಕಿನಿಂದ ಇಳಿಯಲಿಲ್ಲ.

"ದೊಡ್ಡ ಸಾಹೇಬ್ರು ಬತ್ತಾವ್ರೆ. ಹೊಳೆ ದಡ ಎಲ್ಲ ಕ್ಲೀನಾಗಿರ್ಬೇಕು. ನಿಮ್ಮ ಸುಡುಗಾಡಲ್ಲಿ ಬರೀ ಮುಳ್ಳು. ಅವರ ಬೂಟಿಗೆ ಚುಚ್ಚಿದ್ರೆ ಊರ ಮಾನ ಓಯ್ತದ," ಎಂದ.

ಸುಡುಗಾಡು ಎಂದು ಹೆಸರು, ಸುಡುವುದಿಲ್ಲ. ನಾವು ಮಣ್ಣು ಮಾಡುವವರು. ಗುಣಿ ಮುಚ್ಚಿದ ಮೇಲೆ ಜಾಲಿಮುಳ್ಳು ಹೊದಿಸಿ, ಅದರ ಮೇಲೆ ಹೊಳೆಯ ಗುಂಡುಕಲ್ಲು ಹೇರುತ್ತೇವೆ, ನಾಯಿ ನರಿ ಕೆದಕದಿರಲಿ ಎಂದು. ತಲೆಯ ಕಡೆ ಒಂದು ಎಕ್ಕದ ಕಡ್ಡಿ ನೆಡುತ್ತೇವೆ. ಅಷ್ಟೇ ನಮ್ಮ ಗುರುತು. ಹಿಂದೊಮ್ಮೆ ಕೇರಿಯ ಒಬ್ಬ ತನ್ನ ಅಪ್ಪನ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸಿದ್ದ. ಕಲ್ಲು ಹೊಳೆಗೆ ಬಿತ್ತು. ಅವನ ಹಲ್ಲು ದಡದಲ್ಲೇ ಬಿತ್ತು. ಆಮೇಲೆ ಯಾರಿಗೂ ಹೆಸರಿನ ಚಪಲ ಬರಲಿಲ್ಲ.

ಕೇರಿಯಲ್ಲಿ ಯಾರಿಗೂ ಒಂದು ಗುಂಟೆ ಹೊಲವಿಲ್ಲ. ನಮ್ಮದು ಎಂದು ಹೇಳಿಕೊಳ್ಳಲು ಇರುವ ನೆಲ ಅದೊಂದೇ, ಅದೂ ಸತ್ತ ಮೇಲೆ. ನಮ್ಮತ್ತೆ ಶಿವಮ್ಮನನ್ನು ಹೋದ ವರ್ಷ ಅಲ್ಲೇ ಮಲಗಿಸಿದೆವು.

ಸರಿ, ಕ್ಲೀನು ಮಾಡಿದೆವು. ಹಾಗೆ ಹೀಗೆ ಅಲ್ಲ. ಕೇರಿಯ ಗಂಡಸರು, ಹೆಂಗಸರು ಎಲ್ಲ ಬಿಸಿಲಲ್ಲಿ ಬಗ್ಗಿದೆವು. ಒಣಗಿದ ಜಾಲಿಮುಳ್ಳು ಎಳೆದರೆ ಕೈಗೇ ಅಂಟಿಕೊಂಡು ಬರುತ್ತದೆ. ಅಂಗೈ ಹರಿಯಿತು, ಮುಂಗೈ ಗೀರಿತು, ಸೀರೆ ಸೆರಗು ಚಿಂದಿಯಾಯಿತು. ಕಲ್ಲು ಹೊತ್ತು ಹೊಳೆಗೆ ಹಾಕಿದೆವು. ಸೊಂಟ ನೆಟ್ಟಗಾಗಲಿಲ್ಲ. ದಿಬ್ಬಗಳು ಏಕೆ ಎದ್ದುಕಾಣಬೇಕು ಎಂದು ಎಲೆಗುದ್ದಲಿಯಲ್ಲಿ ಕೆರೆದು ಸಮ ಮಾಡಿದೆವು. ಬಂದವರು ನಮ್ಮ ಕೇರಿಯವರನ್ನು ಕೊಳಕರು ಅನ್ನಬಾರದಲ್ಲ. ಅತ್ತೆಯ ಗುಣಿಯ ಮೇಲಿನ ಮುಳ್ಳನ್ನು ಮಾವನೇ ತೆಗೆದ. ತೆಗೆದು, ಮಣ್ಣಿನ ಮೇಲೆ ಒಂದು ಗಳಿಗೆ ಕೈಯಿಟ್ಟ.

"ಸಾಹೇಬ್ರು ಓದ ಮೇಲೆ ಮತ್ತೆ ಹಾಕುದ್ರಾಯ್ತು ಕಣವ್ವ ರಾಣಿ," ಎಂದ.

ಸಂಜೆ ನೋಡಿದರೆ ರಾಗಿ ತುಳಿಸುವ ಕಣದ ಹಾಗೆ ನೆಲ ಥಳಥಳ. ನಮಗೇ ಹೆಮ್ಮೆಯಾಯಿತು. ಮಾರನೆಯ ದಿನ ತಂಡ ಬಂತು. ಜೀಪಿನಿಂದ ಇಳಿಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಡ್ರೋನ್ ಹಾರಿಸಿ ಫೋಟೋ ತೆಗೆದುಕೊಂಡು ಹೋಯಿತು. ಬೂಟು ನೆಲಕ್ಕೆ ತಾಗಲೇ ಇಲ್ಲ. ಸಭೆಗೆ ಮತ್ತೆ ಬರುತ್ತಾರೆ, ಅಲ್ಲಿಯವರೆಗೆ ಮುಳ್ಳು ಹಾಕಬೇಡಿ ಎಂದ ಬಸವಕುಮಾರ್.

ಮಾವನ ಬಗ್ಗೆ ಹೇಳಿಬಿಡುತ್ತೇನೆ. ಚೆನ್ನಯ್ಯ ಊರಿಗೆಲ್ಲ ಗುಣಿ ತೋಡುವವನು. ಅವನ ಅಪ್ಪ ತೋಡುತ್ತಿದ್ದ, ತಾತ ತೋಡುತ್ತಿದ್ದ. ಈ ಒಂದು ಕೆಲಸದಲ್ಲಿ ನಮ್ಮ ಮನೆಗೆ ಮೀಸಲಾತಿ ಕೊಡಿ ಎಂದು ನಾವು ಯಾವತ್ತೂ ಕೇಳಬೇಕಾಗಿ ಬಂದಿಲ್ಲ.

ಮೇಲಿನ ಬೀದಿಯ ಲಿಂಗಾಯಿತರು ತಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗುಣಿಗೆ ಮೆಟ್ಟಿಲು ಬಿಟ್ಟು, ಒಳಗೋಡೆಯಲ್ಲಿ ಒಂದು ಗೂಡು ಕೊರೆಯಬೇಕು. ಹೆಣ ಅದರಲ್ಲಿ ಕಾಲು ಮಡಿಸಿ ಕೂರಬೇಕು. ತಲೆ ತಾಗುತ್ತದೋ ಇಲ್ಲವೋ ಎಂದು ನೋಡಲು ಮಾವ ತಾನೇ ಗೂಡಿನಲ್ಲಿ ಕೂತು ನೋಡುತ್ತಾನೆ. ಬದುಕಿದ್ದೇ ಎಷ್ಟು ಗುಣಿಯಲ್ಲಿ ಕೂತೆದ್ದನೋ. ಅವನು ಮೇಲೆ ಬಂದ ಕೂಡಲೇ ಒಳಗೆ ಗಂಜಲ ಚಿಮುಕಿಸುತ್ತಾರೆ. ಹೊಲೆಯ ಕೂತ ಜಾಗ ನೋಡಿ, ಹೆಣಕ್ಕೆ ಮೈಲಿಗೆಯಾಗಬಾರದು. ಹೆಣ ಇಳಿಸುವಾಗ ಮಾವ ಹುಣಸೆಮರದ ಆಚೆ ನಿಂತಿರಬೇಕು. ಮಣ್ಣೆಳೆಯಲು ಕೂಗಿದಾಗ ಮತ್ತೆ ಬರಬೇಕು.

ಈಗ ಸಭೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೊದಲ ಸಾಲಿನಲ್ಲಿ ಬಸವಕುಮಾರನ ಅಪ್ಪ ವೃಷಭೇಂದ್ರಪ್ಪ. ಹೊಳೆಯಂಚಿನ ಗದ್ದೆ, ತೆಂಗಿನ ತೋಟ ಎಲ್ಲ ಅವರದೇ. ನಮಗೆ ಎಲ್ಲರಿಗಿಂತ ಹಿಂದೆ, ಶಾಮಿಯಾನ ಮುಗಿದು ಬಿಸಿಲು ಶುರುವಾಗುವಲ್ಲಿ ಜಾಗ. ಪರಿಸರದ ಸಭೆಯಲ್ಲವೇ, ಬಿಸಿಲೂ ಪರಿಸರವೇ.

ಕನ್ನಡಕದ ಸಾಹೇಬರು ಮೈಕ್ ಹಿಡಿದು ವರದಿಯ ಸಾರಾಂಶ ಓದಿದರು. ಪ್ರಸ್ತಾವಿತ ಅಳಿವೆ ಬ್ಯಾರೇಜು ಸರೋವರ ಎಂದು ಶುರು ಮಾಡಿದರು. ಅಳಿವೆ ಅಂದರೆ ನದಿ ಸಮುದ್ರಕ್ಕೆ ಸೇರುವ ಜಾಗ. ಮುಂದಕ್ಕೆ ಉಬ್ಬರವಿಳಿತ ಬಂತು. ಸಿಗಡಿ ಬಂತು, ಏಡಿ ಬಂತು. ಕಡಲಾಮೆ ಮೊಟ್ಟೆಯಿಡುವ ಕಾಲದಲ್ಲಿ ಕಾಮಗಾರಿ ನಿಲ್ಲಿಸಲಾಗುವುದು ಎಂದು ಬಂತು. ಕಡಲಾಮೆಗೆ ತೊಂದರೆಯಾಗದಂತೆ ರಾತ್ರಿ ದೀಪ ಆರಿಸಲಾಗುವುದಂತೆ. ಎಲ್ಲೋ ಕರಾವಳಿಯ ವರದಿಯನ್ನು ತಂದು ನಮ್ಮೂರ ಹೆಸರು ಹಾಕಿದ್ದರು. ಇದು ಮೊದಲ ಸಾಲಿಗೂ ಗೊತ್ತಾಯಿತು, ಕೊನೆಯ ಸಾಲಿಗೂ ಗೊತ್ತಾಯಿತು. ಆದರೆ ಆಮೆಯ ಮೇಲೆ ಅವರಿಗಿದ್ದ ಮಮಕಾರ ನೋಡಿ ಯಾರಿಗೂ ಬಾಯಿ ಬರಲಿಲ್ಲ. ನನಗಂತೂ ಆಮೆಯಾಗಿ ಹುಟ್ಟಬಾರದಿತ್ತೇ ಅನ್ನಿಸಿತು.

ಪಕ್ಕದ ಮನೆಯ ಪುಟ್ಟಮಲ್ಲಮ್ಮ ಸುಮ್ಮನಿರುವ ಪೈಕಿಯಲ್ಲ. ಎದ್ದು ಕೇಳಿದಳು.

"ಸಾ, ಸಮುದ್ರ ಉಬ್ಬರ ಬಂದ್ರೆ ನಮ್ಮ ಬಾವಿ ನೀರು ಉಪ್ಪಾಯ್ತದಾ?"

ಸಾಹೇಬರು ಹಾಳೆ ತಿರುವಿ ನೋಡಿ, "ಇಲ್ಲಮ್ಮ, ಅದಕ್ಕೆ ಅಗತ್ಯ ಕ್ರಮ ಕೈಗೊಳ್ಳಲಾಗಿದೆ," ಎಂದರು.

"ಬದುಕ್ಕಂಡೆ ಬುಡಿ," ಎಂದು ಕೂತಳು.

ಆಮೇಲೆ ಮುಳುಗಡೆಯ ಪಟ್ಟಿ. ದಡದಲ್ಲಿರುವ ವೃಷಭೇಂದ್ರಪ್ಪನವರ ತಾತನ ಗದ್ದುಗೆ ಪಾರಂಪರಿಕ ಸಮಾಧಿ, ಅದನ್ನು ವಿಧಿವತ್ತಾಗಿ, ಯೋಜನೆಯ ಖರ್ಚಿನಲ್ಲೇ ಎತ್ತರದ ಜಾಗಕ್ಕೆ ಸ್ಥಳಾಂತರಿಸಿ, ಆಮೇಲೆ ಮುಂದಿನ ಕೆಲಸ. ವೃಷಭೇಂದ್ರಪ್ಪ ಕೈ ಮುಗಿದರು. ಚಪ್ಪಾಳೆ ಬಿತ್ತು. ಗದ್ದುಗೆಯಿಂದ ಕೆಳಗೆ, ಹೊಳೆಯಂಚಿನ ಜಾಗ: ಖಾಲಿ, ಸಮತಟ್ಟಾದ ಸರ್ಕಾರಿ ಖರಾಬು. ಯಾವುದೇ ಕುರುಹು ಕಂಡುಬಂದಿಲ್ಲ. ದೋಣಿ ಕಟ್ಟೆಗೆ ಯೋಗ್ಯ.

ನನ್ನ ಕಾಲು ತಾನೇ ಎದ್ದು ನಿಂತಿತು.

"ಸಾ, ಅದು ಖಾಲಿ ಜಾಗ ಅಲ್ಲ. ಅಲ್ಲಿ ನಮ್ಮತ್ತೆ ಅವ್ಳೆ."

ಸಾಹೇಬರು ಗಾಬರಿಯಾದರು. "ಅಲ್ಲಿ ಯಾರೋ ವಾಸ ಇದ್ದಾರಾ?"

"ಸತ್ತೋಗವ್ಳೆ ಸಾ. ಅಲ್ಲೇ ಮಣ್ಣ್ ಮಾಡಿದ್ವಿ. ನಮ್ಮ ಕೇರಿಯವ್ರೆಲ್ಲ ಅಲ್ಲೇ ಇರೋದು."

ಅವರಿಗೆ ಸಮಾಧಾನವಾಯಿತು. "ಫೋಟೋದಲ್ಲಿ ಏನೂ ಕಾಣಿಸ್ತಿಲ್ಲವಲ್ಲಮ್ಮ. ಒಂದು ಕಲ್ಲೂ ಇಲ್ಲ."

"ಇತ್ತು ಸಾ. ಮುಳ್ಳಿತ್ತು, ಕಲ್ಲಿತ್ತು. ನಾವೇ ತೆಗೆದ್ವಿ. ನಿಮ್ಮ ಬೂಟಿಗೆ ಚುಚ್ಚಬಾರ್ದು ಅಂತ."

ಸಭೆ ನಕ್ಕಿತು. ಸಾಹೇಬರೂ ನಕ್ಕು, "ಥ್ಯಾಂಕ್ಸಮ್ಮ," ಎಂದರು. ಆಮೇಲೆ ಬಹಳ ಮೃದುವಾಗಿ ಹೇಳಿದರು: "ಆದರೆ ನಮಗೆ ಸಾಕ್ಷಿ ಬೇಕು. ಒಂದೆರಡು ಕಡೆ ಅಗೆದು ತೋರಿಸಿಬಿಡಿ. ಮೂಳೆ ಏನಾದ್ರೂ ಸಿಕ್ಕಿದರೆ ಪರಿಗಣಿಸೋಣ."

ಸಂತೆಯಲ್ಲಿ ಈರುಳ್ಳಿ ಮೂಟೆ ಬಿಚ್ಚಿ ಒಂದೆರಡು ತೋರಿಸು ಎನ್ನುವ ಹಾಗೆ. ದುರಹಂಕಾರವಿಲ್ಲ, ಕೋಪವಿಲ್ಲ. ನನ್ನ ಮೈಯೆಲ್ಲ ಉರಿಯಿತು.

ವೃಷಭೇಂದ್ರಪ್ಪ ಕುರ್ಚಿಯಿಂದಲೇ ಅರ್ಧ ತಿರುಗಿದರು. "ಲೇ ಚೆನ್ನಾ, ಸನಿಕೆ ತಕಂಡು ಓಗಿ ಒಂದೆರಡು ತೆಗ್ದು ತೋರ್ಸ್ಬುಡ್ಲಾ. ಸಾಹೇಬ್ರಿಗೆ ಊಟದೊತ್ತಾಯ್ತು. ನಿಂಗೇನು ಒಸ ಕೆಲ್ಸವಾ?"

ಮಾವ ಎದ್ದ. ಅವನ ಅಂಗೈಯ ಮುಳ್ಳಿನ ಗಾಯ ಇನ್ನೂ ವಾಸಿಯಾಗಿರಲಿಲ್ಲ. ಎದ್ದವನು ಸನಿಕೆಗೆ ಹೋಗುತ್ತಾನೆ ಎಂದೇ ಎಲ್ಲರೂ ತಿಳಿದರು. ಅವನು ಯಾವತ್ತೂ ಹಾಗೇ ಹೋಗುತ್ತಿದ್ದವನು.

"ಯಾರ್ನ ತೆಗೀಲಿ ಬುದ್ಧಿ?" ಎಂದ.

"ಯಾರ್ನಾದ್ರೂ ತೆಗಿ."

"ನಮ್ಮವ್ವನ್ನ ತೆಗೀಲಾ, ನಮ್ಮಪ್ಪನ್ನ ತೆಗೀಲಾ? ಇಲ್ಲ, ನನ್ನೆಂಡ್ರನ್ನೇ ತೆಗೀಲಾ? ಓದೊರ್ಸ ಓದೋಳು. ಸೀರೆ ಇನ್ನೂ ಕರಗಿರಾಕಿಲ್ಲ. ಸಾಹೇಬ್ರಿಗೆ ಚೆಂದಾಗಿ ಕಾಣ್ತಾಳೆ."

ಮಾವ ವೃಷಭೇಂದ್ರಪ್ಪನವರ ಕಡೆ ಪೂರ್ತಿ ತಿರುಗಿದ.

"ಈ ಊರಲ್ಲಿ ಎಲ್ಲಾರ್ಗೂ ಗುಣಿ ತೋಡಿವ್ನಿ. ತೋಡಿದ್ದ ಮುಚ್ಚಿವ್ನಿ. ಮುಚ್ಚಿದ್ದ ಒಂದಿನವೂ ತೆಗ್ದಿಲ್ಲ. ತೆಗೆಯಾಕಿಲ್ಲ. ಇನ್ಮೇಕೆ ತೋಡಾದೂ ಇಲ್ಲ. ನಿಮ್ಮ ತಾತಪ್ಪೋರ ಗದ್ದುಗೆನ ನೀವೇ ಎತ್ಕಳಿ."

ಅಷ್ಟು ಹೇಳಿ ಕೂತ. ಬಿಸಿಲಲ್ಲೇ ಕೂತ. ಆ ದಿನದ ಸಭೆಯ ನಡಾವಳಿಯಲ್ಲಿ ಹೀಗೆ ಬರೆದರು: ಸ್ಥಳೀಯರು ಯೋಜನೆಯನ್ನು ಹೃತ್ಪೂರ್ವಕವಾಗಿ ಸ್ವಾಗತಿಸಿದರು. ಅಗೆತದ ಕೆಲಸದ ಬಗ್ಗೆ ಒಬ್ಬ ವೃದ್ಧರು ಉಪಯುಕ್ತ ಸಲಹೆ ನೀಡಿದರು.

ಮರುದಿನದಿಂದ ನಮ್ಮನ್ನು ಕೂಲಿಗೆ ಕರೆಯುವುದು ನಿಂತಿತು. ಅರಿಶಿನ ಕೀಳುವ ಕಾಲ. ಹೊಲ ತುಂಬ ಕೆಲಸ, ನಮಗೆ ಮಾತ್ರ ಇಲ್ಲ. ಹೆಂಗಸರು ಬೆಳಿಗ್ಗೆ ಬಸ್ಸು ಹಿಡಿದು ಕಾಮಗೆರೆ ಕಡೆ ರಸ್ತೆ ಕೆಲಸಕ್ಕೆ ಜಲ್ಲಿ ಹೊರಲು ಹೋದೆವು. ತಲೆ ಮೇಲೆ ಬಾಂಡ್ಲಿ, ಕಾಲ ಕೆಳಗೆ ಕಾದ ಟಾರು. ಸಂಜೆ ಬರುವಾಗ ಕತ್ತು ತಿರುಗುತ್ತಿರಲಿಲ್ಲ.

ಒಂದು ದಿನ ವೃಷಭೇಂದ್ರಪ್ಪನವರ ಹೆಂಡತಿ ಚನ್ನಾಜಮ್ಮನವರೇ ಕೇರಿಯ ಬಾಯಿಗೆ ಬಂದರು. ಮಾವನನ್ನು ಕರೆಸಿದರು.

"ಅಲ್ಲ ಕಣೋ ಚೆನ್ನಯ್ಯ, ನಾಳೆ ನಾನೇ ಸತ್ರೂ ಬರಾಕಿಲ್ವಾ ನೀನು?"

"ನೀವು ನೂರ್ಕಾಲ ಬದುಕಿ ತಾಯಿ," ಎಂದ ಮಾವ. ಅವರು ಮುಖ ಸಿಂಡರಿಸಿಕೊಂಡು ಹೋದರು. ಆಶೀರ್ವಾದಕ್ಕೆ ಯಾರಾದರೂ ಹಾಗೆ ಮುಖ ಮಾಡುತ್ತಾರೆಯೇ?

ಗದ್ದುಗೆ ಎತ್ತಲು ದಿನ ನೋಡಿಯಾಗಿತ್ತು. ಬಸವಕುಮಾರ್ ಮೇಸ್ತ್ರಿಯೊಬ್ಬನಿಗೆ ಹೇಳಿ ಹನೂರು ಕಡೆಯಿಂದ ಟೆಂಪೋದಲ್ಲಿ ಆಳು ತರಿಸಿದ. ಯಳಂದೂರು ಹತ್ತಿರ ಗುಂಡಿ ತೆಗೆಯುವ ಕೆಲಸ ಎಂದಷ್ಟೇ ಅವರಿಗೆ ಹೇಳಿತ್ತು. ಟೆಂಪೋ ಹೊಳೆಯ ದಡದಲ್ಲಿ ನಿಂತಿತು. ಮೊದಲು ಇಳಿದವನು ಪುಟ್ಟಮಾದಪ್ಪ, ನಮ್ಮತ್ತೆಯ ಒಡಹುಟ್ಟಿದ ತಮ್ಮ. ಬಸವಕುಮಾರನಿಗೆ ಇದು ಹೇಗೆ ಗೊತ್ತಾಗಬೇಕು? ನಮಗೂ ಹೆಣ್ಣು ಕೊಟ್ಟು ತರುವ ಊರುಗಳಿವೆ ಎಂದು ಅವನು ಯಾವತ್ತೂ ಯೋಚಿಸಿದವನಲ್ಲ.

ಪುಟ್ಟಮಾದಪ್ಪ ಮೇಸ್ತ್ರಿಗೆ, "ತಡಿ, ಅಕ್ಕಂಗೆ ಕೈ ಮುಗ್ದು ಬತ್ತೀನಿ," ಎಂದು ಹೇಳಿ ನಮ್ಮ ಸುಡುಗಾಡಿಗೆ ನಡೆದ. ಹೋಗಿ ನಿಂತ. ಆಚೆ ನೋಡಿದ, ಈಚೆ ನೋಡಿದ. ಮಾವನೂ ನಾನೂ ಓಡಿದೆವು.

"ಬಾವ, ಅಕ್ಕ ಎಲ್ಲಿ?"

ಮಾವ ಬೆರಳು ತೋರಿಸಿದ. ಬೆರಳು ಅಲ್ಲಿ ನಿಲ್ಲಲಿಲ್ಲ. ಸ್ವಲ್ಪ ಎಡಕ್ಕೆ ಹೋಯಿತು. ಮತ್ತೆ ಬಲಕ್ಕೆ ಬಂತು. ಆಮೇಲೆ ಕೈ ಕೆಳಗಾಯಿತು. ಊರಿಗೆಲ್ಲ ಗುಣಿ ತೋಡಿದವನಿಗೆ ತನ್ನ ಹೆಂಡತಿಯ ಗುಣಿ ಯಾವುದೆಂದು ಗೊತ್ತಾಗಲಿಲ್ಲ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಸತ್ತಾಗಲೂ ಅತ್ತಿರಲಿಲ್ಲ, ಗುಣಿ ತೋಡುವ ಕೆಲಸವಿತ್ತು.

"ಯಾರ್ ಮಾಡುದ್ರು ಇಂಗೆ?" ಎಂದ ಪುಟ್ಟಮಾದಪ್ಪ.

"ನಾವೇ ಕಣ್ಲಾ," ಎಂದ ಮಾವ.

ಹನೂರಿನ ಆಳುಗಳು ಅಂದು ನಮ್ಮ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು ಅದೇ ಟೆಂಪೋ ಹತ್ತಿ ವಾಪಸ್ಸು ಹೋದರು. ಒಬ್ಬನೂ ಹಾರೆ ಮುಟ್ಟಲಿಲ್ಲ.

ಗದ್ದುಗೆ ಎತ್ತಲು ನೋಡಿದ್ದ ದಿನ ಬಂದೇಬಂತು. ದಿಬ್ಬದ ಮೇಲೆ ಹೊಸ ಗುಣಿಯನ್ನು ಜೆಸಿಬಿ ತೆಗೆಯಿತು. ಗೂಡು ಮಾತ್ರ ಕೈಯಿಂದಲೇ ಕೊರೆಯಬೇಕು, ಒಬ್ಬರು ಕೂತು ನೋಡಬೇಕು ಎಂದರು ಪೂಜೆಗೆ ಬಂದ ಅಯ್ಯನವರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹುಣಸೆಮರದ ಆಚೆ ನಾವು ಇಡೀ ಕೇರಿ ನಿಂತಿದ್ದೆವು. ಅದು ನಮ್ಮ ಜಾಗವೇ, ಯಾರೂ ಬೇಡ ಅನ್ನುವ ಹಾಗಿರಲಿಲ್ಲ.

ಕೊನೆಗೆ ಬಸವಕುಮಾರನೇ ಇಳಿದ. ಬಿಳಿ ಶರ್ಟು, ಕೈಯಲ್ಲಿ ಉಂಗುರ. ಉಸಿರುಬಿಡುತ್ತಾ ಕೊರೆದ, ಕಣ್ಣಿಗೆ ಮಣ್ಣು ಬಿತ್ತು, ಕೆಮ್ಮಿದ, ಬೈದ. ಆಮೇಲೆ ಕಾಲು ಮಡಿಸಿ ಗೂಡಿನಲ್ಲಿ ಕೂತ. ಬದುಕಿರುವವನು ಗುಣಿಯಲ್ಲಿ ಕೂತರೆ ಹೇಗಿರುತ್ತದೆಂದು ಅವನ ಮುಖದಲ್ಲಿ ಕಂಡಿತು. ಅವನು ಮೇಲೆ ಬರುವುದನ್ನೇ ಕಾಯುತ್ತಿದ್ದ ಪುಟ್ಟಮಲ್ಲಮ್ಮ ಸೆರಗಿನೊಳಗಿಂದ ಒಂದು ಚೊಂಬು ತೆಗೆದಳು.

"ಬುದ್ಧೀ, ಗೂಡಲ್ಲಿ ಆಳು ಕೂತೆದ್ರಲ್ಲ, ಗಂಜಲ ಚಿಮುಕ್ಸಾಕಿಲ್ವಾ? ತಂದಿವ್ನಿ, ತಕಳಿ."

ಯಾರೂ ತೆಗೆದುಕೊಳ್ಳಲಿಲ್ಲ. ಅಯ್ಯನವರು ಮಂತ್ರದ ದನಿ ಜೋರು ಮಾಡಿದರು.

ಹಳೆಯ ಗದ್ದುಗೆಯನ್ನು ಜೆಸಿಬಿ ಮುಟ್ಟಬಾರದು ಎಂದಾಗಿತ್ತು. ಅಪ್ಪ, ಮಗ ಇಬ್ಬರೂ ಸನಿಕೆ ಹಿಡಿದರು. ಕನ್ನಡಕದ ಸಾಹೇಬರು ಕ್ಯಾಮೆರಾ ತಂದಿದ್ದರು. ಸ್ಥಳಾಂತರದ ಫೋಟೋ ವರದಿಗೆ ಬೇಕಿತ್ತು, ಆಮೆಗಳ ಪಕ್ಕದಲ್ಲಿ ಹಾಕಲು. ವೃಷಭೇಂದ್ರಪ್ಪನವರ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅಗೆದರು. ಮಣ್ಣು ಬಂತು. ಇನ್ನೂ ಅಗೆದರು. ಇನ್ನೂ ಮಣ್ಣು ಬಂತು. ಮೂಳೆಯಿಲ್ಲ. ಕೈಯಲ್ಲಿಟ್ಟು ಕೂರಿಸಿದ್ದ ಲಿಂಗವೂ ಇಲ್ಲ. ಹೊಳೆ ಎಷ್ಟು ಸಲ ಉಕ್ಕಿ ಅದನ್ನೆಲ್ಲ ಎಲ್ಲಿಗೆ ಒಯ್ದಿತ್ತೋ. ಬರೀ ಜಿಗಟು ಕಪ್ಪು ಮಣ್ಣು.

ಸಾಹೇಬರು ಬಗ್ಗಿ ನೋಡಿದರು. "ಸರ್, ಮೂಳೆ ಏನಾದ್ರೂ? ಇಲ್ಲದಿದ್ರೆ ಇಲ್ಲಿ ಸಮಾಧಿ ಇತ್ತು ಅನ್ನೋದಕ್ಕೆ ಸಾಕ್ಷಿ..."

ಗುಣಿಯೊಳಗಿಂದ ವೃಷಭೇಂದ್ರಪ್ಪ ಕಿರುಚಿದರು. "ಸಾಕ್ಷಿ ಏನ್ರೀ ಸಾಕ್ಷಿ? ನಮ್ಮ ತಾತನ್ನ ಎಲ್ಲಿ ಕೂರ್ಸಿದ್ದು ಅಂತ ನಮಗೊತ್ತಿಲ್ವೇನ್ರೀ? ಮೂಳೆ ತೋರ್ಸು ಅಂತೀರಲ್ಲ, ಮನುಷ್ರೇನ್ರೀ ನೀವು?"

ಹೇಳಿದ ಮೇಲೆ ಅವರಿಗೇ ಕೇಳಿಸಿರಬೇಕು. ತಲೆಯೆತ್ತಿ ಹುಣಸೆಮರದ ಕಡೆ ನೋಡಿದರು. ನಾವು ಯಾರೂ ನಗಲಿಲ್ಲ.

ಮಾವ ಒಂದು ಹೆಜ್ಜೆ ಮುಂದೆ ಬಂದ. "ಅವ್ರೆ ಬುದ್ಧಿ. ಅಲ್ಲೇ ಅವ್ರೆ. ಮಣ್ಣಾಗವ್ರೆ. ಒಂದು ಬಾಂಡ್ಲಿ ಮಣ್ಣ ತಕಂಡೋಗಿ ಕೂರ್ಸಿ."

ನಾನು ಮಾವನಷ್ಟು ಒಳ್ಳೆಯವಳಲ್ಲ. "ಸಾ, ಬರ್ಕಳಿ," ಎಂದು ಕೂಗಿದೆ. "ಖಾಲಿ ಜಾಗ. ಯಾವ ಕುರುಹೂ ಇಲ್ಲ. ದೋಣಿ ಕಟ್ಟೆಗೆ ಯೋಗ್ಯ."

ಸಾಹೇಬರು ಬರೆದುಕೊಂಡರು. ಏನೆಂದು? ಪಾರಂಪರಿಕ ಸಮಾಧಿ ಯಶಸ್ವಿಯಾಗಿ ಸ್ಥಳಾಂತರ. ಒಂದು ಬಾಂಡ್ಲಿ ಮಣ್ಣು ಪರಂಪರೆಯಾಯಿತು. ನಮ್ಮ ಇಡೀ ಸುಡುಗಾಡಿನ ಮಣ್ಣು ಖರಾಬಾಗಿಯೇ ಉಳಿಯಿತು. ವೃಷಭೇಂದ್ರಪ್ಪ ಕೈ ತೊಳೆದುಕೊಂಡು ಮನೆಗೆ ಹೋದರು.

ಅವತ್ತು ಸಂಜೆಯೇ ನಾವು ಮಚ್ಚು ಹಿಡಿದು ಜಾಲಿಗೆ ನುಗ್ಗಿದೆವು. ಯಾರ ಗುಣಿ ಎಲ್ಲಿದೆ ಎಂದು ಈಗ ಯಾರಿಗೂ ತಿಳಿಯದು. ಅದಕ್ಕೇ ಇಡೀ ನೆಲಕ್ಕೆ ಮುಳ್ಳು ಹೊದಿಸಿದೆವು, ಒಂದು ಅಂಗೈ ಜಾಗ ಬಿಡದೆ. ಹೊಳೆಗೆ ಹಾಕಿದ್ದ ಕಲ್ಲುಗಳನ್ನು ನೀರಿಗಿಳಿದು ಎತ್ತಿ ತಂದು ಹೇರಿದೆವು. ಅಂಗೈ ಮತ್ತೆ ಹರಿಯಿತು. ಈ ಸಲ ನೋಯಲಿಲ್ಲ ಎಂದರೆ ಸುಳ್ಳು. ನೋವಾಯಿತು, ಹಾಕಿದೆವು.

ದೋಣಿ ಕಟ್ಟೆಗೆ ಗುರುತಿನ ಕಲ್ಲು ನೆಡಲು ಸಾಹೇಬರು ಬಂದಾಗ ಜೀಪು ದೂರದಲ್ಲೇ ನಿಂತಿತು. ಇಳಿದರು. ಕೊನೆಗೂ ಇಳಿದರು. ಬಸವಕುಮಾರ್ ಮಾವನ ಕಡೆ ನೋಡಿದ. ಮಾವ ಮುಳ್ಳಿನ ಹೊರಗೆ ನೆಲದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಯಾರಮ್ಮ ಇದನ್ನೆಲ್ಲ ಇಲ್ಲಿ ಹಾಕಿದ್ದು?" ಎಂದರು ಸಾಹೇಬರು.

"ಉಬ್ಬರ ಬಂದಿತ್ತು ಸಾ," ಎಂದಳು ಪುಟ್ಟಮಲ್ಲಮ್ಮ. "ಸಮುದ್ರನೇ ತಂದಾಕ್ಬುಟ್ಟು ಓಯ್ತು."

"ಕ್ಲೀನ್ ಮಾಡಿಸಿ."

ಯಾರೂ ಏಳಲಿಲ್ಲ. ಬಸವಕುಮಾರನೂ ಬಗ್ಗಲಿಲ್ಲ, ಗೂಡು ಕೊರೆದ ಅವನ ಕೈಗೆ ಇನ್ನೂ ಪಟ್ಟಿ ಕಟ್ಟಿತ್ತು. ಸಾಹೇಬರು ತಾವೇ ಕಾಲಿಟ್ಟರು. ಒಂದು ಹೆಜ್ಜೆ ಹೋಯಿತು. ಮುಂದಿನ ಹೆಜ್ಜೆಗೆ ಜಾಲಿ ಬೂಟಿನ ಅಡಿ ದಾಟಿ ಒಳಗೆ ಹೊಕ್ಕಿತು. ಅಯ್ಯೋ ಎಂದು ಕಾಲು ಹಿಡಿದುಕೊಂಡು, ನಾವು ಹೇರಿದ್ದ ಕಲ್ಲಿನ ಮೇಲೆ ಕೂತುಬಿಟ್ಟರು.

ಮಾವ ಎಲೆ ಮಡಿಸಿ ಬಾಯಿಗಿಟ್ಟುಕೊಂಡ. ಎದ್ದು ಅವರ ಹತ್ತಿರ ಹೋದ. ಮುಳ್ಳು ಕೀಳಲು ಬಗ್ಗುತ್ತಾನೆ ಎಂದುಕೊಂಡು ಸಾಹೇಬರು ಕಾಲು ಚಾಚಿದರು. ಮಾವ ಬಗ್ಗಲಿಲ್ಲ.

"ಏಳಿ ಸಾ," ಎಂದ. "ಕೆಳಗೆ ಜನ ಮಲಗವ್ರೆ."

ಸಾಹೇಬರು ಎದ್ದರು.